ಕೈಗುಣ

ದರ್ಜಿಯಕ್ಕ ದಾರ ಕತ್ತರಿಸುವ ಪುಟ್ಟ ಕತ್ತರಿಯಿಂದ ಮೆಣಸಿನ ಗಿಡದ ಮೊದಲ ಹೂಗಳನ್ನು ತೆಗೆಯುತ್ತಿದ್ದಳು. ಹಾಗೆ ಮಾಡಿದರೆ ಗಿಡ ಮೈತುಂಬಿಕೊಳ್ಳುತ್ತದೆಂದು ಬೀಜದ ಪೊಟ್ಟಣದ ಮೇಲೆ ಬರೆದಿತ್ತು. ಹಳೆಯ ಬಣ್ಣದ ಡಬ್ಬಿಯಲ್ಲೂ ಮೊಣಕಾಲೆತ್ತರ ಬರುವ ಹೈಬ್ರಿಡ್ ತಳಿ. ಅದರ ಕಾಯಿ ಜೋತುಬೀಳದೆ ಆಕಾಶಕ್ಕೆ ಮುಖಮಾಡಿ ನಿಲ್ಲುತ್ತದೆ. ಹಸಿರು ನೇರಳೆಯಾಗಿ, ನೇರಳೆ ಕೆಂಪಾಗುತ್ತದೆ. ಕಚ್ಚಿದರೆ ಮೊದಲು ಸಿಹಿ. ಇಷ್ಟೇನಾ ಎಂದುಕೊಳ್ಳುವಷ್ಟರಲ್ಲಿ ಕಿವಿಯವರೆಗೂ ಬಿಸಿ. ನಾಲ್ಕೇ ಡಬ್ಬಿಯಿಂದ ಇಡೀ ಮಹಡಿಗೆ ಹಂಚಿದರೂ ಮಿಗುತ್ತಿತ್ತು.

ಅಂಗಿಯ ಅಳತೆ ಕೊಡಲು ಬಂದಿದ್ದ ಸಸಿ ಮಾರುವವಳು ಬಾಲ್ಕನಿಗೇ ಬಂದು ನಿಂತಳು.

“ಚೆನ್ನಾಗಿ ಬಂದಿದೆ ಕಣಕ್ಕ. ಹೋದ ಸಲದ ಹಣ್ಣಿನ ಬೀಜಾನಾ?”

“ಇಲ್ಲಮ್ಮ, ಪ್ರತಿ ವರ್ಷ ಹೊಸ ಪೊಟ್ಟಣ. ಹಣ್ಣಿಂದ ಬೀಜ ತೆಗೆದದ್ದು ಒಂದೇ ಸಲ. ಅದನ್ನೂ ಪೂರ್ತಿ ನನ್ನ ತಂಗಿಗೆ ಕೊಟ್ಟೆ. ಅವಳ ಹತ್ರ ಒಂದು ಗಿಡ ಉದ್ದ, ಒಂದು ಕುಳ್ಳ. ಕಾಯಿ ನೋಡಿದ್ರೆ ಸೌತೆಕಾಯಿ ಥರ ಸಪ್ಪೆ.”

“ಇನ್ನೇನಾಗತ್ತೆ? ಎರಡು ತಳಿ ಕೂಡಿಸಿ ಮಾಡಿದ್ದಲ್ವಾ ಇದು. ಇದರ ಮಕ್ಕಳಲ್ಲಿ ಒಂದು ಅಜ್ಜಿ ಥರ, ಒಂದು ತಾತನ ಥರ. ಯಾರು ಬಿತ್ತಿದ್ರೂ ಅಷ್ಟೇ. ಇದೇ ರುಚಿ ಬೇಕಂದ್ರೆ ಪ್ರತಿ ಸಲ ಯಾರೋ ಕೂತು ಒಂದೊಂದು ಹೂವಿಗೂ ಕೈಯಾರೆ ಪರಾಗ ಹಚ್ಚಬೇಕು. ಪುಣ್ಯಾತ್ಮರು, ಎಷ್ಟು ತಾಳ್ಮೆ ನೋಡು.”

ಕತ್ತರಿ ನಿಂತಿತು. “ಅಂದ್ರೆ, ಬಿತ್ತಿದವರ ಕೈಗುಣ ಅಲ್ಲ?”

“ಕೈಗುಣ ಏನ್ ಮಾಡತ್ತೆ ಪಾಪ. ನೀವಿಬ್ರು ಒಂದೇ ಹೊಟ್ಟೇಲಿ ಹುಟ್ಟಿಲ್ವಾ? ಒಬ್ರು ಖಾರ, ಒಬ್ರು ಸಪ್ಪೆ.”

“ಸಪ್ಪೆ ಯಾರು?”

“ಅಂಗಿ ಕೈಗೆ ಬರಲಿ, ಹೇಳ್ತೀನಿ. ಈಗ್ಲೇ ಹೇಳಿದ್ರೆ ತೋಳು ಬಿಗಿ ಹೊಲೀತೀಯ.”

ದರ್ಜಿಯಕ್ಕ ನಕ್ಕಳು. ಆದರೆ ಭುಜದ ಅಳತೆಯನ್ನು ಮೂರು ಸಲ ತೆಗೆದಳು.

ತಂಗಿ ಹೆರಿಗೆ ಆಸ್ಪತ್ರೆಯ ದಾದಿ. ಅವಳ ಕೈಗೆ ಬಿದ್ದ ಹೆಣ್ಣುಕೂಸುಗಳು ಬೆಳೆದು, ತಮ್ಮ ಹೆರಿಗೆಗೂ ಅವಳನ್ನೇ ಕೇಳಿಕೊಂಡು ಬರುತ್ತಿದ್ದರು. “ಬೀಜ ಒಳ್ಳೇದೇ, ನಿನ್ನ ಕೈಗುಣ ಸರಿಯಿಲ್ಲ ಬಿಡು” ಎಂದು ಅಕ್ಕ ಫೋನಿನಲ್ಲಿ ನಗುತ್ತ ಅಂದದ್ದು, ಆ ಕೈಯಲ್ಲಿ ಒಂದು ಕೂಸು ಉಸಿರಾಡದೆ ಹೋದ ಮರುದಿನ. ಅಕ್ಕನಿಗೆ ಅದು ತಿಳಿದದ್ದು ವಾರದ ಮೇಲೆ, ಬೇರೆಯವರಿಂದ. ಅಷ್ಟರಲ್ಲಿ ತಂಗಿ ಫೋನ್ ಎತ್ತುವುದನ್ನೇ ಬಿಟ್ಟಿದ್ದಳು.

ಆಮೇಲಿನ ಮೂರು ವರ್ಷದಲ್ಲಿ ಅಕ್ಕ ಎಷ್ಟೋ ಸಲ ಕಾಗದ ಬರೆಯಲು ಕೂತಿದ್ದಳು. ಕ್ಷಮಿಸು ಎಂದು ಬರೆಯುವುದು ಕಷ್ಟವಿರಲಿಲ್ಲ. ‘ನಾನಂದದ್ದು ಸುಳ್ಳು’ ಎನ್ನುವ ಸಾಲಿಗೆ ಬಂದಾಗ ಪೆನ್ನು ನಿಲ್ಲುತ್ತಿತ್ತು. ಎಲ್ಲಕ್ಕಿಂತ ದಪ್ಪ ಹಣ್ಣು ಆರಿಸಿ ತೆಗೆದ ಬೀಜ. ಅದರಲ್ಲಿ ಐಬಿಲ್ಲವೆಂದ ಮೇಲೆ ಬಿತ್ತಿದ ಕೈಯದಲ್ಲದೆ ಮತ್ತೇನು? ನಂಬದ ಮಾತು ಬರೆದರೆ ತಂಗಿ ಅಕ್ಷರದಲ್ಲೇ ಹಿಡಿಯುತ್ತಾಳೆ.

ಸಸಿಯವಳು ಹೋದ ಮೇಲೆ ಹೊಲಿಗೆ ಯಂತ್ರಕ್ಕೆ ಮುಸುಕು ಹಾಕಿ, ಅದರ ಮೇಲೆಯೇ ಬರೆದಳು.

“ಆ ಗಿಡದ ಬೀಜ ಯಾರು ಬಿತ್ತಿದರೂ ಹಾಗೇ ಬರುತ್ತದಂತೆ. ನನಗೆ ಗೊತ್ತಿರಲಿಲ್ಲ. ನನ್ನ ಎರಡನೆಯವಳು ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿಕೊಂಡು ಬಂದಾಗ ಬಿಡಿಸಿದ್ದು ನಿನ್ನ ಕೈ. ಅಂಥ ಕೈಗೆ ಹಾಗೆ ಅಂದೆ.”

ಮತ್ತೆ ಓದಿದರೆ ತಿದ್ದಲು ಕೂರುತ್ತೇನೆಂದು ಓದದೆ ಲಕೋಟೆ ಅಂಟಿಸಿದಳು.

ಅಂಚೆ ಕಚೇರಿಯ ಗುಮಾಸ್ತ ತೂಗಿ, ಮುದ್ರೆ ಒತ್ತಿ, ಲಕೋಟೆಯನ್ನು ಹಿಂದಿನ ಚೀಲಕ್ಕೆ ಎಸೆದ. “ಇನ್ನೇನಾದ್ರೂ ಇದೆಯಾ ಅಮ್ಮ?”

“ಇಲ್ಲ” ಎಂದಳು. ಆದರೂ ಚೀಲದ ಬಾಯಿಗೆ ಹಗ್ಗ ಬಿಗಿಯುವವರೆಗೂ ಕಿಟಕಿಯ ಕಟ್ಟೆಯಿಂದ ಕೈ ತೆಗೆಯಲಿಲ್ಲ.