ಅರ್ಧ ಸುತ್ತು ಹೆಚ್ಚು

ಶಾಲೆಗೆ ಬೇಸಿಗೆ ರಜೆ ಬಿಟ್ಟ ದಿನದಿಂದ ಸೈಕಲ್ ರಿಪೇರಿಯವನ ಸೊಂಟ ಹಿಡಿದುಕೊಳ್ಳುತ್ತಿತ್ತು, ಮತ್ತೆ ಶಾಲೆಯ ಗಂಟೆ ಬಾರಿಸಿದ ದಿನವೇ ಅದು ಬಿಡುತ್ತಿದ್ದದ್ದು. ವರ್ಷವಿಡೀ ಮೆಟ್ಟಿಲ ಕೆಳಗೆ ಧೂಳು ತಿಂದು ಬಿದ್ದಿದ್ದ ಸೈಕಲ್ಲುಗಳೆಲ್ಲ ಒಂದೇ ವಾರದಲ್ಲಿ ಎದ್ದು ಬಂದು, ಅವನ ತಗಡಿನ ಶೆಡ್ಡಿನ ಮುಂದೆ ಒಂದರ ಮೇಲೊಂದು ಒರಗಿ ನಿಲ್ಲುತ್ತಿದ್ದವು. ಮಕ್ಕಳು ಅವನನ್ನು ಪಂಕ್ಚರ್ ಮಾಮ ಎನ್ನುತ್ತಿದ್ದರು. ‘ಮಾಮ, ಗಾಳಿ.’ ‘ಮಾಮ, ಚೈನು.’ ‘ಮಾಮ, ಬೆಲ್ಲು ಬಾರಿಸಿದ್ರೆ ಬ್ರೇಕ್ ಬೀಳುತ್ತೆ.’ ಶೆಡ್ಡಿನ ಹಿಂದೆಯೇ ಕಡಲು. ಉಪ್ಪು ಗಾಳಿ ಬೆಳಗ್ಗೆ ಎಣ್ಣೆ ಬಿಟ್ಟ ಚೈನನ್ನು ಸಂಜೆಯೊಳಗೆ ಕೆಂಪಗೆ ಮಾಡಿಬಿಡುತ್ತಿತ್ತು. ಇಪ್ಪತ್ತು ವರ್ಷದಿಂದ ಆ ಗಾಳಿಯ ಜೊತೆ ಗುದ್ದಾಡಿ ಅವನಿಗೆ ಸಾಕುಸಾಕಾಗಿತ್ತು.

ಊರ ಮಕ್ಕಳದ್ದು ಹೇಗೋ ಸಹಿಸಬಹುದಿತ್ತು. ಸಹಿಸಲಾಗದ್ದು ಮನೆಯಲ್ಲೇ ಇತ್ತು.

ಅವನ ಮಗಳಿಗೆ ಹತ್ತು ವರ್ಷ. ಕಾಲು ಕಡ್ಡಿ, ಮೊಣಕಾಲು ಗಂಟು, ಕೂತಲ್ಲಿ ಕೂರುವ ಜಾತಿಯಲ್ಲ. ಎಲ್ಲರೂ ಮಿಡತೆ ಎಂದೇ ಕರೆಯುತ್ತಿದ್ದರು. ಈ ರಜೆಯಲ್ಲಿ ಆಗಲೇ ಅವಳು ತಡೆಗೋಡೆಯ ಮೇಲೆ ಎರಡೂ ಕೈ ಬಿಟ್ಟು ಸೈಕಲ್ ಓಡಿಸಿದ್ದಳು. ಮೀನು ಹರಾಜಿನ ಕಟ್ಟೆಯ ಹನ್ನೊಂದು ಮೆಟ್ಟಿಲು ಸೈಕಲ್ಲಿನಲ್ಲೇ ಇಳಿದು, ಹನ್ನೆರಡನೆಯದೂ ಒಂದಿದೆ ಎಂಬುದನ್ನು ಗದ್ದದಿಂದ ಕಂಡುಹಿಡಿದಿದ್ದಳು. ಐದು ಹೊಲಿಗೆ. ಹೊಲಿಗೆ ಬಿಚ್ಚಿದ ದಿನ ನರ್ಸು, ‘ಇನ್ನು ಮೇಲೆ ಹುಷಾರಾಗಿರ್ತೀಯಲ್ಲ?’ ಎಂದರೆ, ‘ಮೆಟ್ಟಿಲು ಎಣಿಸ್ಕೊಂಡು ಇಳಿತೀನಿ’ ಎಂದು ಬಂದಿದ್ದಳು.

ಸೈಕಲ್ಲಿಗೆ ಬೀಗ ಹಾಕಿ ನೋಡಿದ್ದೂ ಆಗಿತ್ತು. ರಿಪೇರಿಗೆ ಬಂದ ಯಾರದೋ ಬ್ರೇಕಿಲ್ಲದ ಸೈಕಲ್ಲನ್ನು ಹೊಡೆದುಕೊಂಡು ಹೋದಳು. ಅದಕ್ಕಿಂತ ಇದೇ ವಾಸಿ, ಇದರ ನಟ್ಟು ಬೋಲ್ಟಾದರೂ ನನ್ನ ಕೈಯಲ್ಲಿದೆ ಎಂದುಕೊಂಡು ಬೀಗ ತೆಗೆದುಕೊಟ್ಟ.

ಅವನ ಹೆಂಡತಿಗೆ ದಂಡೆಯ ಹೋಟೆಲಿನ ಲಾಂಡ್ರಿಯಲ್ಲಿ ಕೆಲಸ. ದಿನವಿಡೀ ಬಿಸಿ ರೋಲರಿನ ಮುಂದೆ ನಿಂತು ಹಾಸಿಗೆಯ ಚಾದರ ಮಡಿಸಿ ಮಡಿಸಿ, ಮನೆಗೆ ಬಂದು ಟವೆಲನ್ನೂ ನಾಲ್ಕು ಮೂಲೆ ಕೂಡಿಸಿಯೇ ಇಡುತ್ತಿದ್ದಳು. ಹೊಲಿಗೆ ಹಾಕಿಸಿದ ಸಂಜೆ ಅವಳು ಕೂಗಾಡಲಿಲ್ಲ. ಕೂಗಾಡುವಷ್ಟು ಉಸಿರು ಉಳಿದಿರಲಿಲ್ಲ.

‘ನಂಗೆ ಗೊತ್ತಿಲ್ಲ ಕಣ್ರೀ’ ಎಂದಳು. ‘ಶಾಲೆ ಶುರುವಾಗೋ ಹೊತ್ತಿಗೆ ನನ್ನ ಮಗಳು ಪೂರ್ತಿ ಇರಬೇಕು. ಕೈ ಎರಡು, ಕಾಲು ಎರಡು, ತಲೆ ಒಂದು. ಸೈಕಲ್ ನಿಮ್ಮ ಕೈಯಲ್ಲಿದೆ. ಏನಾದ್ರೂ ಮಾಡಿ.’

ಏನು ಮಾಡುವುದು? ಬೈಯಲು ಅವನಿಗೆ ತ್ರಾಣವಿರಲಿಲ್ಲ. ಹಿಂದೆ ಹೋಗಿ ಕಾಯಲು ಮೊಣಕಾಲಿರಲಿಲ್ಲ. ಅದಕ್ಕೇ ಭಾನುವಾರ ಸಂಜೆ ಮಗಳ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿಕೊಂಡು, ರಿಪೇರಿಯವನಿಗಷ್ಟೇ ಹೊಳೆಯುವ ಉಪಾಯವೊಂದನ್ನು ಮಾಡಿದ. ಹಿಂದಿನ ಚಕ್ರದ ನಡುವಿನ ಹಬ್ಬು ಬಿಚ್ಚಿ, ಒಳಗಿನ ತೆಳು ಗ್ರೀಸನ್ನೆಲ್ಲ ಒರೆಸಿ, ಲಾರಿಗೆ ಹಾಕುವ ಗಟ್ಟಿ ಕಪ್ಪು ಗ್ರೀಸು ಮೆತ್ತಿದ. ಎರಡೂ ಕಡೆ ಬೇರಿಂಗ್ ಗುಂಡುಗಳನ್ನು ಅದುಮಿ ಹಿಡಿಯುವ ಕೋನನ್ನು ಇರಬೇಕಾದ್ದಕ್ಕಿಂತ ಅರ್ಧ ಸುತ್ತು ಹೆಚ್ಚು ಬಿಗಿದ. ಹಿಂದಿನ ಬ್ರೇಕಿನ ರಬ್ಬರು ರಿಮ್ಮಿಗೆ ಮುತ್ತು ಕೊಡುವಷ್ಟು ಹತ್ತಿರ ತಂದ. ಚಕ್ರ ತಿರುಗಿಸಿದರೆ ಮೊದಲು ನಲವತ್ತು ಸುತ್ತು ಹೋಗುತ್ತಿದ್ದದ್ದು ಈಗ ಆರಕ್ಕೆ ನಿಂತಿತು. ಸರಿ, ಇನ್ನು ಇವಳು ಎಷ್ಟು ತುಳಿದರೂ ಎಮ್ಮೆ ನಡಿಗೆಯೇ.

ಹಬ್ಬು ಬಿಚ್ಚುವಾಗ ಒಳಗೆ ಉಪ್ಪುನೀರು ಕಂಡಿತ್ತು. ‘ಅಲೆ ಅಂಚಲ್ಲಿ ಓಡಿಸ್ತೀನಪ್ಪ, ಅಷ್ಟೇ’ ಎಂದಿದ್ದಳು ಅವಳು, ಹಿಂದೊಮ್ಮೆ ಕೇಳಿದಾಗ. ಸೀಟಿನ ಕೆಳಗಿನ ಕೊಳವೆಯಲ್ಲಿ ಬಣ್ಣ ಸುತ್ತಲೂ ಉಜ್ಜಿಹೋಗಿತ್ತು, ಹಗ್ಗ ಕಟ್ಟಿದ ಹಾಗೆ. ಕೇಳಬೇಕೆಂದುಕೊಂಡ. ಇನ್ನೂ ಏಳು ಸೈಕಲ್ ಬಾಕಿ ಇತ್ತು. ಕೇಳಲಿಲ್ಲ.

ಸೋಮವಾರ ಬೆಳಗ್ಗೆ ಮಿಡತೆ ಒಂದು ಸುತ್ತು ಹೊಡೆದುಬಂದು, ‘ಅಪ್ಪಾ, ಇದ್ಯಾಕೋ ಭಾರ ಆಗಿದೆ’ ಎಂದಳು.

‘ಹೊಸಾ ಗ್ರೀಸು ಕಣೇ. ಓಡಿಸ್ತಾ ಓಡಿಸ್ತಾ ಹಗುರ ಆಗುತ್ತೆ.’

‘ಹೌದಾ?’

‘ಹೌದು.’

ಅವಳು ಮತ್ತೆ ಕೇಳಲಿಲ್ಲ. ಪ್ರಪಂಚದಲ್ಲಿ ಅವಳು ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಆದರೆ ಸೈಕಲ್ಲಿನ ವಿಷಯದಲ್ಲಿ ಅಪ್ಪ ಹೇಳಿದ್ದನ್ನು ಎರಡನೆಯ ಸಲ ಪ್ರಶ್ನಿಸಿದವಳಲ್ಲ.

ಅವತ್ತು ಮಧ್ಯಾಹ್ನ ಮೂರೂವರೆಗೆ ಸೋಡಾಬುಡ್ಡಿ ಬಂದಳು. ಮಿಡತೆಯ ಜೀವದ ಗೆಳತಿ. ದಪ್ಪ ಕನ್ನಡಕ, ಕಿವಿಯ ಮೇಲೊಂದು ಪೆನ್ಸಿಲ್. ಅವಳ ಸೈಕಲ್ಲಿನ ವಾಲ್ವ್ ಟ್ಯೂಬು ಹೋಗಿತ್ತು.

‘ಬೇಗ ಮಾಮ. ನಾಲ್ಕಕ್ಕೆ ನೀರು ಪೂರ್ತಿ ತುಂಬುತ್ತೆ. ನಾನಿಲ್ದಿದ್ರೆ ಅವಳು ಲೆಕ್ಕ ತಪ್ಪಿಸ್ತಾಳೆ.’

‘ನೀರು ತುಂಬಿದ್ರೆ ನಿಮಗೇನೇ?’

‘ಹಾರೋಕೆ’ ಎಂದಳು ಸೋಡಾಬುಡ್ಡಿ, ಇಷ್ಟೂ ಗೊತ್ತಿಲ್ಲವೇ ಎಂಬಂತೆ.

ಅವನ ಕೈಯಲ್ಲಿದ್ದ ಪಂಪು ನಿಂತಿತು. ‘ಎಲ್ಲಿಂದ ಹಾರೋದು?’

‘ಹಳೇ ಧಕ್ಕೆಯಿಂದ. ನಿಮಗೆ ಗೊತ್ತು ಅಂದ್ಲಲ್ಲ ಅವಳು!’ ಹುಡುಗಿ ಕನ್ನಡಕ ಮೇಲೇರಿಸಿದಳು. ಬಾಯಿ ಬಿಟ್ಟದ್ದಾಯಿತು, ಇನ್ನು ನುಂಗುವುದೇನು ಎನಿಸಿರಬೇಕು, ಪೂರ್ತಿ ಹೇಳಿಬಿಟ್ಟಳು. ದೋಣಿಗಳು ಈಗ ಬರದ ಆ ಧಕ್ಕೆಯ ತುದಿಯಲ್ಲಿ ಎರಡು ಸಿಮೆಂಟ್ ಇಟ್ಟಿಗೆಯ ಮೇಲೆ ಹಲಗೆ ಒರಗಿಸಿದ್ದಾರೆ. ಮಿಡತೆ ಜೋರಾಗಿ ತುಳಿದುಕೊಂಡು ಬಂದು, ಹಲಗೆ ಹತ್ತಿ, ಸೈಕಲ್ ಸಮೇತ ಸಮುದ್ರಕ್ಕೆ ಹಾರುತ್ತಾಳೆ. ಗಾಳಿಯಲ್ಲೇ ಸೈಕಲ್ ಬಿಟ್ಟು ಆಚೆ ಬೀಳುತ್ತಾಳೆ. ಸೈಕಲ್ಲಿಗೆ ಹಗ್ಗ ಕಟ್ಟಿರುತ್ತೆ, ಮಿಕ್ಕವರು ಎಳೆದುಕೊಳ್ಳುತ್ತಾರೆ. ಒಂಬತ್ತು ಸಲ ಆಗಿದೆ. ಇವತ್ತು ಹತ್ತನೆಯದು.

‘ಅಯ್ಯೋ ನಿಮ್ಮ! ಧಕ್ಕೆ ಬುಡದಲ್ಲಿ ಬಂಡೆ ಇದ್ಯಲ್ಲೇ!’

‘ಅದಕ್ಕೇ ಅಲ್ವಾ ನಾನಿರೋದು. ಬಂಡೆ ಹತ್ತಡಿ ತನಕ ಇದೆ ಮಾಮ, ಆಚೆ ಆಳ. ಮೊದಲು ನಿಮ್ಮ ಗುಜರಿ ಸೈಕಲ್ಲೊಂದನ್ನ ತಳ್ಳಿ ನೋಡಿದ್ವಿ.’ ಅವಳು ಕಿವಿಯ ಮೇಲಿನ ಪೆನ್ಸಿಲ್ ಸರಿಮಾಡಿಕೊಂಡಳು. ‘ಅದು ಎರಡು ತುಂಡಾಯ್ತು. ಆಮೇಲೆ ಅವಳ ಸೈಕಲ್ಲಿಗೇ ಅಳತೆ ಮಾಡಿ ಕೆಂಪು ಗೆರೆ ಎಳೆದೆ. ಆ ಗೆರೆಯಿಂದ ತುಳಿದ್ರೆ ಹದಿಮೂರು ಅಡಿ ದೂರ ಬೀಳ್ತಾಳೆ. ಪ್ರತೀ ಸಲಾನೂ ಹದಿಮೂರೇ. ಸ್ಪೀಡು ಮಾತ್ರ ಕಮ್ಮಿ ಆಗಬಾರ್ದು, ಅಷ್ಟೇ.’

ಸ್ಪೀಡು ಕಮ್ಮಿ ಆಗಬಾರದು.

ಸೈಕಲ್ ರಿಪೇರಿಯವನಿಗೆ ತನ್ನ ಕೈ ಕಂಡಿತು. ಉಗುರುಸಂದಿಯಲ್ಲಿ ಲಾರಿ ಗ್ರೀಸು ಇನ್ನೂ ಹಾಗೇ ಇತ್ತು.

ಕೈಗೆ ಸಿಕ್ಕ ಸೈಕಲ್ ಹತ್ತಿದ. ಡ್ರಾಯಿಂಗ್ ಮೇಷ್ಟ್ರದ್ದು, ಹಿಂದಿನ ಚಕ್ರದಲ್ಲಿ ಗಾಳಿಯೇ ಇಲ್ಲ. ಎರಡನೆಯ ತಿರುವಿನಲ್ಲಿ ಅದು ಗೊತ್ತಾಯಿತು, ಆದರೆ ಇಳಿದು ಓಡಲು ಕಾಲು ಎಲ್ಲಿದೆ? ಬರೀ ರಿಮ್ಮಿನ ಮೇಲೆ ಲಟಲಟ ಎನ್ನುತ್ತ ತಡೆಗೋಡೆಯ ಪಕ್ಕದ ರಸ್ತೆಯಲ್ಲಿ ತುಳಿದ. ಐಸ್ ಫ್ಯಾಕ್ಟರಿಯ ಬಾಗಿಲಲ್ಲಿ ಕೂತಿದ್ದ ಕಾವಲುಗಾರ, ‘ಏನಣ್ಣಾ, ಪಂಕ್ಚರ್ ಹಾಕೋನಿಗೇ ಪಂಕ್ಚರಾ!’ ಎಂದು ನಕ್ಕ. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಎದೆಯಲ್ಲಿ ಹಳೆಯ ಪಂಪಿನ ಸದ್ದು. ಇಪ್ಪತ್ತು ವರ್ಷದಲ್ಲಿ ಎಷ್ಟು ಸೈಕಲ್ ಸರಿ ಮಾಡಿದ್ದೇನೆ ಎಂದು ಸುಮ್ಮನೆ ನೆನಪಾಯಿತು. ಬೇಕೆಂದೇ ಕೆಡಿಸಿದ್ದು ಒಂದೇ.

ಧಕ್ಕೆಯ ಈ ತುದಿಗೆ ಅವನು ಮುಟ್ಟಿದಾಗ ಆ ತುದಿಯಲ್ಲಿ ಐದಾರು ಮಕ್ಕಳು ಹಗ್ಗ ಸಡಿಲಿಸಿಕೊಂಡು ನಿಂತಿದ್ದರು. ನಡುವೆ ಕೆಂಪು ಗೆರೆ. ಮಿಡತೆ ಆಗಲೇ ಅದನ್ನು ದಾಟಿದ್ದಳು. ಸೋಡಾಬುಡ್ಡಿಯನ್ನೂ ಕಾದಿರಲಿಲ್ಲ.

ಅವಳ ಬೆನ್ನು ಕಂಡಿತು. ಅಲೆಯ ಸದ್ದಿನ ನಡುವೆ ಅವನ ಕಿವಿಗೆ, ಬೇರೆ ಯಾರಿಗೂ ಕೇಳದ ಇನ್ನೊಂದು ಸದ್ದು ಕೇಳಿತು: ಸರ್‌, ಸರ್‌, ಸರ್‌. ರಿಮ್ಮಿಗೆ ರಬ್ಬರು ಉಜ್ಜುವುದು. ಹತ್ತಡಿಯ ಬಂಡೆ. ಈ ವೇಗಕ್ಕೆ ಹೆಚ್ಚೆಂದರೆ ಎಂಟು.

ನಿಲ್ಲು ಎನ್ನಲು ಬಾಯಿ ತೆರೆದ. ತೆರೆದ ಬಾಯಿ ಹಾಗೇ ನಿಂತಿತು. ಹಲಗೆಗೆ ಇನ್ನು ಹತ್ತು ಗಜ. ಈಗ ಕೂಗಿದರೆ ತಿರುಗಿ ನೋಡುತ್ತಾಳೆ. ನೋಡುತ್ತ ಬ್ರೇಕ್ ಹಿಡಿಯುತ್ತಾಳೆ. ಒದ್ದೆ ಹಲಗೆ, ಜಾರಿಕೊಂಡು ಹೋಗಿ ಅಂಚಿನಿಂದ ನೆಟ್ಟಗೆ ಕೆಳಗೆ.

‘ತುಳೀ!’ ಎಂದು ಕೂಗಿದ. ‘ಎದ್ದು ನಿಂತು ತುಳಿಯೇ! ಜೋರಾಗಿ! ತುಳೀ!’

ಬೇಸಿಗೆಯುದ್ದಕ್ಕೂ ‘ನಿಧಾನ’ ಎಂಬ ಒಂದೇ ಮಾತು ಬಿಟ್ಟು ಇನ್ನೊಂದನ್ನು ಆ ಬಾಯಿಂದ ಅವಳು ಕೇಳಿರಲಿಲ್ಲ. ತಿರುಗಿ ನೋಡಲಿಲ್ಲ. ಸೈಕಲ್ಲಿನ ವಿಷಯದಲ್ಲಿ ಅಪ್ಪ ಹೇಳಿದ್ದು. ಪೆಡಲಿನ ಮೇಲೆ ಎದ್ದು ನಿಂತಳು. ಆ ಕಡ್ಡಿ ಕಾಲುಗಳು ಒಂದು, ಎರಡು, ಮೂರು, ನಾಲ್ಕು ಸಲ ಗಕ್ಕಗಕ್ಕನೆ ಇಳಿದವು. ಹಲಗೆ ಧಡ್ ಎಂದಿತು. ಸೈಕಲ್ಲೂ ಹುಡುಗಿಯೂ ಬಿಳಿ ಬೆಳಕಿನೊಳಗೆ ಹೋದರು. ಆಮೇಲೆ ಕಬ್ಬಿಣ ಕಲ್ಲಿಗೆ ಬಡಿದ ಸದ್ದು ಬಂತು.

ಅವನು ಧಕ್ಕೆಯ ತುದಿಗೆ ಹೇಗೆ ಹೋದನೋ ಅವನಿಗೇ ಗೊತ್ತಿಲ್ಲ. ಕೆಳಗೆ ನೊರೆ. ನೊರೆಯಲ್ಲಿ ಬಂಡೆಯ ಕೊನೆಯ ಹಲ್ಲು. ಅದಕ್ಕೆ ಸೈಕಲ್ಲಿನ ಹಿಂದಿನ ಚಕ್ರ ಸಿಕ್ಕಿಕೊಂಡಿತ್ತು. ಸೀಟು ಖಾಲಿ. ಅವನು ಚಪ್ಪಲಿ ಬಿಟ್ಟ. ಈಜು ಬರುವುದಿಲ್ಲ ಎಂಬುದು ನೆನಪಾಗುವ ಮೊದಲೇ ಶರ್ಟೂ ಬಿಚ್ಚುತ್ತಿದ್ದ.

ಮೂರು ಮಾರು ಆಚೆ ಒಂದು ತಲೆ ಮೇಲೆದ್ದು, ಮೂಗಿನಿಂದ ನೀರು ಸೀನಿತು.

‘ಇದಕ್ಕೇನು ದೆವ್ವ ಹಿಡಿದಿದೆಯಾ ಇವತ್ತು!’ ಎಂದು ಸೈಕಲ್ಲನ್ನು ಬೈದಿತು. ಆಮೇಲೆ ಮೇಲೆ ನೋಡಿ, ‘ಅಪ್ಪಾ? ಶರ್ಟ್ ಯಾಕೆ ಬಿಚ್ತಿದ್ದೀಯಾ?’

ಅವನು ಅಲ್ಲೇ ಬಿಸಿ ಸಿಮೆಂಟಿನ ಮೇಲೆ ಕೂತುಬಿಟ್ಟ. ಮಕ್ಕಳು ಹಗ್ಗ ಎಳೆಯುತ್ತಿದ್ದರು; ಬಲ ಸಾಲದೆ ಹೋದಾಗ ಒಬ್ಬ, ‘ಮಾಮ, ಸ್ವಲ್ಪ ಕೈ ಹಾಕಿ’ ಎಂದ. ಕೈ ಹಾಕಿದ. ನೀರು ಸುರಿಸುತ್ತ ಮೇಲೆ ಬಂದ ಸೈಕಲ್ಲಿನ ಹಿಂದಿನ ಚಕ್ರ ಸೊಟ್ಟಗಾಗಿತ್ತು. ಮಗಳ ಹಿಮ್ಮಡಿಯಲ್ಲಿ ಅಂಗೈಯಗಲ ಚರ್ಮ ಕಿತ್ತಿತ್ತು.

‘ಇವತ್ತು ಹನ್ನೊಂದೇ ಅಡಿ’ ಎಂದಳು ಆಗ ತಾನೆ ಓಡಿಬಂದ ಸೋಡಾಬುಡ್ಡಿ, ಹಗ್ಗ ಹಿಡಿದವರನ್ನು ಕೇಳಿಕೊಂಡು, ಏದುಸಿರು ಬಿಡುತ್ತ. ‘ನನ್ನ ಲೆಕ್ಕ ಹೇಗೆ ತಪ್ಪಿತು?’

ಅವನು ಬಗ್ಗಿ ಸೈಕಲ್ಲಿನ ಹಗ್ಗದ ಗಂಟು ಬಿಚ್ಚಿದ.

ಶೆಡ್ಡಿಗೆ ನಡೆದುಕೊಂಡೇ ಬಂದರು. ಅವನು ಮೇಷ್ಟ್ರ ಸೈಕಲ್ ತಳ್ಳಿಕೊಂಡು, ಅವಳು ತನ್ನದನ್ನು ಹಿಂದಿನ ಕಡೆ ಎತ್ತಿಕೊಂಡು. ಬೈಗುಳಕ್ಕಾಗಿ ಕಾದೂ ಕಾದೂ ಅವಳಿಗೇ ಬೇಸರವಾಯಿತು.

‘ಬೈಯಲ್ವಾ?’

‘ಆಮೇಲೆ.’

‘ನೀನೇ ತುಳಿ ಅಂದೆಯಲ್ಲ. ಅದಕ್ಕೇನಾ?’

ಅವನು ಗಾಯ ತೊಳೆದು ಪಟ್ಟಿ ಕಟ್ಟಿದ. ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸಿ ಸೊಟ್ಟ ಚಕ್ರ ಬಿಚ್ಚಿದ. ಅವಳು ಎಂದಿನಂತೆ ಎದುರು ಕುಕ್ಕರಗಾಲಿನಲ್ಲಿ ಕೂತು, ಗುಂಡುಗಳನ್ನು ಹಿಡಿಯಲು ತಟ್ಟೆ ಚಾಚಿದಳು. ಕೋನು ಬಿಚ್ಚುವಾಗ ಅವನ ಕೈಯನ್ನೇ ನೋಡುತ್ತಿದ್ದವಳು, ‘ಟೈಟಿದೆ’ ಎಂದಳು. ಹಬ್ಬಿನೊಳಗಿಂದ ಬೆರಳಿಗೆ ಬಂದ ಕಪ್ಪು ಮುದ್ದೆಯನ್ನು ಮೂಸಿದಳು. ‘ಇದು ಲಾರಿದಲ್ವಾ?’

‘ಹೂಂ.’

‘ತಪ್ಪಿ ಹಾಕಿದ್ಯಾ?’

ಹೌದು ಎಂದುಬಿಡಬಹುದಿತ್ತು. ಸುಸ್ತಾಗಿತ್ತು, ಕಣ್ಣು ಸರಿ ಕಾಣಲಿಲ್ಲ ಎಂದರೆ ನಂಬುತ್ತಿದ್ದಳು. ಬೆಳಗ್ಗೆಯೂ ನಂಬಿದ್ದಳು.

‘ಇಲ್ಲ’ ಎಂದ. ‘ಬೇಕಂತಲೇ ಹಾಕಿದ್ದು. ಕೋನೂ ನಾನೇ ಬಿಗಿದಿದ್ದು, ಬ್ರೇಕೂ ನಾನೇ. ನೀನು ನಿಧಾನ ಹೋಗ್ಲಿ ಅಂತ. ಹಾರೋದು ನಂಗೆ ಗೊತ್ತಿರ್ಲಿಲ್ಲ.’

ಮಿಡತೆ ತಟ್ಟೆಯಲ್ಲಿದ್ದ ಗುಂಡುಗಳನ್ನು ಒಂದು ಕಡೆಗೆ ವಾಲಿಸಿದಳು, ಇನ್ನೊಂದು ಕಡೆಗೆ ವಾಲಿಸಿದಳು. ಕೂತಲ್ಲೇ ಅಷ್ಟು ಹೊತ್ತು ಅವಳು ಕೂತದ್ದನ್ನು ಅವನು ಕಂಡಿರಲಿಲ್ಲ. ಗದ್ದದ ಹೊಲಿಗೆಯ ಗುರುತು ಸ್ವಲ್ಪ ಅದುರಿತು.

‘ಹೇಳಿದ್ರೆ ಗೆರೆ ಹಿಂದಕ್ಕೆ ಹಾಕ್ಕೋತಿದ್ವಲ್ಲಪ್ಪ’ ಎಂದಳು ಕೊನೆಗೆ.

‘ನೀನೂ ಹೇಳಿರಲಿಲ್ಲ.’

‘ಹೇಳಿದ್ರೆ ಬೇಡ ಅಂತಿದ್ದೆ.’

‘ಅಂತಿದ್ದೆ. ಈಗಲೂ ಬೇಡ ಅಂತೀನಿ. ಆ ಹಲಗೆ ನಾಳೆ ಬೆಳಗ್ಗೆ ನಾನೇ ತಂದು ಒಲೆಗೆ ಹಾಕ್ತೀನಿ.’

ಅವಳು ವಾದಿಸಲಿಲ್ಲ. ‘ಇನ್ಮೇಲೆ ನನ್ನ ಸೈಕಲ್ಲಿಗೆ ಏನು ಮಾಡಿದ್ರೂ ನಂಗೆ ಹೇಳ್ಬೇಕು’ ಎಂದಳು.

‘ಆಯ್ತು. ಎಲ್ಲಿ ಓಡಿಸ್ತೀಯ ಅಂತ ನೀನೂ ಹೇಳ್ಬೇಕು. ಓಡಿಸೋಕೆ ಮೊದಲು.’

‘ಎಲ್ಲಾನೂ?’

‘ಎಲ್ಲಾನೂ.’

ಅವಳು ಯೋಚಿಸಿದಳು. ಹೇಳಬೇಕಾದ ಪಟ್ಟಿ ಉದ್ದವಿರಬೇಕು.

ಆರು ಗಂಟೆಗೆ ಅವನ ಹೆಂಡತಿ ಲಾಂಡ್ರಿಯಿಂದ ಬಂದಳು. ಶೆಡ್ಡಿಗೆ ಅಂಟಿಕೊಂಡ ಮನೆಯ ಬಾಗಿಲಿನ ಚೌಕಟ್ಟಿಗೆ ಒರಗಿ, ಸೊಟ್ಟ ಚಕ್ರವನ್ನೂ ಮಗಳ ಹಿಮ್ಮಡಿಯ ಪಟ್ಟಿಯನ್ನೂ ಗಂಡನ ಬರಿಗಾಲನ್ನೂ ನೋಡಿದಳು. ಚಪ್ಪಲಿ ಧಕ್ಕೆಯಲ್ಲೇ ಉಳಿದಿತ್ತು.

‘ಏನು ಮಾಡಿದಳು ಇವತ್ತು?’

‘ತಪ್ಪು ನಂದು’ ಎಂದ ಅವನು.

‘ಶುರುವಾಯ್ತು. ಯಾವಾಗಲೂ ಅವಳನ್ನ ವಹಿಸ್ಕೊಂಡೇ ಬರ್ತೀರ.’

‘ಇಲ್ಲ ಕಣೇ, ನಿಜವಾಗ್ಲೂ. ಒಳಗೆ ಹೋಗಿ ಕೂತ್ಕೋ, ಬಂದು ಹೇಳ್ತೀನಿ. ಕೂತ್ಕೊಂಡೇ ಕೇಳಬೇಕಾದ್ದು.’

ಅವಳು ಇಬ್ಬರ ಮುಖವನ್ನೂ ಒಮ್ಮೆ ನೋಡಿ ಒಳಗೆ ಹೋದಳು. ಕುರ್ಚಿ ಎಳೆದ ಸದ್ದು ಕೇಳಿತು. ಅವನು ತಕ್ಷಣ ಏಳಲಿಲ್ಲ; ಏಳಲು ಸೊಂಟ ಒಪ್ಪಲಿಲ್ಲ. ಒರೆಸಿದ ಹಬ್ಬಿಗೆ ತೆಳು ಗ್ರೀಸು ಹಚ್ಚಿ, ಗುಂಡುಗಳನ್ನು ಒಂದೊಂದಾಗಿ ಕೂರಿಸಿದ. ಕೋನು ಬಿಗಿದು, ಚಕ್ರವನ್ನು ಮಗಳ ಕಡೆ ತಿರುಗಿಸಿದ. ಅವಳು ಎರಡು ಬೆರಳಲ್ಲಿ ಅಚ್ಚು ಹಿಡಿದು ಅಲ್ಲಾಡಿಸಿ ನೋಡಿದಳು, ಕಿವಿಯ ಹತ್ತಿರ ತಂದು ತಿರುಗಿಸಿದಳು.

‘ಇನ್ನೊಂಚೂರು ಸಡಿಲ ಬಿಡಪ್ಪ’ ಎಂದಳು.

ಅವನು ಒಂಚೂರು ಬಿಟ್ಟ. ಶಾಲೆ ಶುರುವಾಗಲು ಇನ್ನೂ ಹನ್ನೊಂದು ದಿನವಿತ್ತು.