ಒಣಗದ ಮದರಂಗಿ

ಮದುವೆಮನೆಯಲ್ಲಿ ಮದರಂಗಿ ಹಚ್ಚುವುದನ್ನು ಎಲ್ಲರೂ ನೋಡಿದ್ದಾರೆ. ಮಸ್ಕತ್ತಿನ ಹಮ್ರಿಯಾದಲ್ಲಿರುವ ಕೊಗ್ಗಣ್ಣನ ಫ್ಲ್ಯಾಟಿನಲ್ಲಿ ಮಾತ್ರ ಪಕ್ಕದ ಮನೆಯ ಮಗುವಿನ ಹುಟ್ಟುಹಬ್ಬಕ್ಕೂ ಮದರಂಗಿ, ಊರಿನವರ ಸಂಘದ ವಾರ್ಷಿಕ ಸಭೆಗೂ ಮದರಂಗಿ. ಹಚ್ಚುವವಳು ಹೆಂಡತಿ ಉಮಾವತಿ, ಹಚ್ಚಿಸಿಕೊಳ್ಳುವವಳು ಮಗಳು ಅಕ್ಷಿತಾ. "ಉಮಕ್ಕ, ಮಗಳ ಮದುವೆ ಯಾವಾಗ?" ಎಂದು ಕೇಳಿ ಕೇಳಿ ಜನರಿಗೇ ಸುಸ್ತಾಗಿತ್ತು.

ಒಳಗಿನ ಸಂಗತಿ ಬೇರೆ. ಪ್ಲಸ್ ಟು ಮುಗಿದ ರಜೆಯಲ್ಲಿ ಬಂದ ಜ್ವರ ಅಕ್ಷಿತಾಳ ಬಲಗೈಯ ಶಕ್ತಿಯನ್ನು ತೆಗೆದುಕೊಂಡು ಹೋಗಿತ್ತು. ಲೋಟ ಹಿಡಿದರೆ ಜಾರುತ್ತದೆ, ಪೆನ್ನು ಹಿಡಿದರೆ ಎರಡು ಸಾಲಿಗೇ ಬೆರಳು ಸೋಲುತ್ತವೆ. ಹುಡುಗಿಯ ಮೈಯಲ್ಲಿ ಊನವಿದ್ದರೆ ಕುತ್ತಿಗೆಗೆ ತಾಳಿ ಬೀಳುವವರೆಗೆ ಬಾಯಿ ಬಿಡಬಾರದು ಎಂಬುದು ನಮ್ಮವರು ಕಾಪಾಡಿಕೊಂಡು ಬಂದ ಪದ್ಧತಿ. ಕಡಲು ದಾಟುವಾಗ ಉಪ್ಪಿನಕಾಯಿಯ ಜೊತೆ ಅದನ್ನೂ ಕಟ್ಟಿಕೊಂಡು ಬಂದಿದ್ದೇವೆ. ಹಸಿ ಮದರಂಗಿಯ ಕೈಗೆ ಯಾರೂ ಲೋಟ ಕೊಡುವುದಿಲ್ಲ ಎಂಬ ಉಪಾಯ ಉಮಾವತಿಯದೇ. ಆ ಬಗ್ಗೆ ಅವಳಿಗೆ ಒಳಗೊಳಗೇ ಜಂಬವೂ ಇತ್ತು.

ಕಾಲೇಜಿನಲ್ಲಿ ಈ ಉಪಾಯ ನಡೆಯಲಿಲ್ಲ. ಅಕ್ಷಿತಾ ಎಡಗೈಯಲ್ಲಿ ಒಂದು ವಾಕ್ಯ ಬರೆಯುವುದರೊಳಗೆ ಪಾಠ ಎರಡು ಪುಟ ಮುಂದೆ ಹೋಗಿರುತ್ತಿತ್ತು. ಗೆಳತಿ ರಿಫಾ ತನ್ನ ನೋಟ್ಸಿನ ಫೋಟೋ ಕಳಿಸುತ್ತಿದ್ದಳು; ಪಾಪ, ಅವಳ ಅಕ್ಷರ ಅವಳಿಗೇ ಓದಲು ಬರುತ್ತಿರಲಿಲ್ಲ. ಮೊದಲ ಪರೀಕ್ಷೆಯಲ್ಲಿ ಅಕ್ಷಿತಾ ಫೇಲಾದಳು. ಇನ್ನೊಮ್ಮೆ ಫೇಲಾದರೆ ಕಾಲೇಜು ಬಿಡಿಸುತ್ತೇನೆಂದು ಕೊಗ್ಗಣ್ಣ ಸಾರಿಬಿಟ್ಟ.

ಅರ್ಥಶಾಸ್ತ್ರ ಕಲಿಸುವ ತೆರೇಸಾ ಟೀಚರ್ ಒಂದು ದಿನ ಅಕ್ಷಿತಾಳನ್ನು ಕೂರಿಸಿಕೊಂಡು ವಿಚಾರಿಸಿದರು; ಬರೆಯಲು ಕಷ್ಟ ಎಂದಷ್ಟೇ ಅವಳು ಹೇಳಿದಳು. ಅನುಮತಿಯಿಲ್ಲದೆ ತರಗತಿಯಲ್ಲಿ ಫೋನ್ ತೆಗೆಯುವಂತಿಲ್ಲ. ಆದರೆ ಮನೆಯವರು ಡಾಕ್ಟರ ಚೀಟಿ ತಂದು ವಿಷಯ ತಿಳಿಸಿದರೆ ಎಲ್ಲ ಪಾಠವನ್ನೂ ರೆಕಾರ್ಡ್ ಮಾಡಿಕೊಳ್ಳಬಹುದು ಎಂದರು.

"ಬೇಡ," ಅಂದ ಕೊಗ್ಗಣ್ಣ. ಅವನು ರುಸೈಲಿನ ಕಾರ್ಖಾನೆಯೊಂದರಲ್ಲಿ ಸ್ಟೋರ್ ಸೂಪರ್‌ವೈಸರ್. "ನಮ್ಮ ಸ್ಟೋರಲ್ಲಿ ಒಂದು ಪೆಟ್ಟಿಗೆಗೆ ಡ್ಯಾಮೇಜ್ ಅಂತ ಸ್ಟಿಕ್ಕರ್ ಅಂಟಿಸಿದ್ರೆ ಖಲಾಸ್, ಮತ್ತೆ ಯಾರೂ ಮುಟ್ಟುದಿಲ್ಲ."

"ನಾನು ಪೆಟ್ಟಿಗೆಯಾ ಪಪ್ಪಾ?"

"ಆ ಟೀಚರ್ ನಮ್ಮ ಊರಿನ ಕಡೆಯವರು ಮಾರಾಯ್ತಿ! ಅವರಿಗೆ ಹೇಳಿದ್ರೆ ಇಡೀ ಮಸ್ಕತ್ತಿಗೆ ಹೇಳಿದ ಹಾಗೆ. ಆಮೇಲೆ ನಿನ್ನನ್ನು ಯಾರು ಮದುವೆ ಆಗ್ತಾರೆ?"

"ನಂಗೆ ಕೈ ಮಾತ್ರ ಸರಿ ಇಲ್ಲ. ಕಿವಿ ಸರಿ ಉಂಟು, ತಲೆ ಸರಿ ಉಂಟು. ಕೇಳಿದ್ದನ್ನು ಇನ್ನೊಮ್ಮೆ ಕೇಳ್ಲಿಕ್ಕೆ ಬಿಡಿ, ಅಷ್ಟೇ."

ಕೊಗ್ಗಣ್ಣ ಟಿ.ವಿ. ಶಬ್ದ ಜೋರು ಮಾಡಿದ. ಉಮಾವತಿ ಗಂಡನ ಮುಖ ನೋಡಿದಳು, ಮಗಳ ಮುಖ ನೋಡಿದಳು, ಕೊನೆಗೆ ಅಡುಗೆಮನೆಗೆ ಹೋಗಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು.

ಮುಂದಿನ ಶುಕ್ರವಾರ ಅಲ್ ಮಬೇಲಾದಿಂದ ಸ್ವರ್ಣಲತಾ ತನ್ನ ಮಗ ಲಕ್ಷಿತ್‌ನನ್ನು ಕರೆದುಕೊಂಡು ಹೆಣ್ಣು ನೋಡಲು ಬಂದಳು. ಉಮಾವತಿ ಬೆಳಿಗ್ಗೆಯೇ ಮಗಳ ಎರಡೂ ಕೈಗೆ ಮೊಣಕೈವರೆಗೆ ಮದರಂಗಿ ಮೆತ್ತಿದ್ದಳು.

"ಪಾಯಸ ಹುಡುಗಿಯೇ ಬಡಿಸ್ಲಿ," ಅಂದಳು ಸ್ವರ್ಣಲತಾ. "ಮದರಂಗಿ ಒಣಗ್ಲಿ, ನಮಗೆಂತ ಅರ್ಜೆಂಟಿಲ್ಲ."

ಉಮಾವತಿ ಎದ್ದಳು. ಒಳಗಿನಿಂದ ಲಿಂಬೆರಸಕ್ಕೆ ಸಕ್ಕರೆ ಕದಡಿ ತಂದು, "ಬಣ್ಣ ಬರ್ಲಿಕ್ಕೆ" ಎನ್ನುತ್ತ ಹತ್ತಿಯಲ್ಲಿ ಅದ್ದಿ ಅದ್ದಿ ಒಣಗುತ್ತಿದ್ದ ಮದರಂಗಿಯನ್ನು ಮತ್ತೆ ಹಸಿ ಮಾಡಿದಳು. ಕೊಗ್ಗಣ್ಣ ಸ್ಟೋರಿನ ಸುದ್ದಿಯೆಲ್ಲ ಹೇಳಿ ಮುಗಿಸಿ, ಮೊದಲಿನಿಂದ ಶುರುಮಾಡಿದ. ಅವನು ಲಕ್ಷಿತ್‌ನನ್ನು ಏನು ಕೇಳಿದರೂ ಸ್ವರ್ಣಲತಾ ಮಗನ ಕೈಗೊಂದು ಚಕ್ಕುಲಿ ತುರುಕಿ ತಾನೇ ಉತ್ತರ ಕೊಡುತ್ತಿದ್ದಳು. ಹುಡುಗನ ಕೆನ್ನೆ ಊದಿಕೊಂಡಿತ್ತು. ಪಾಯಸಕ್ಕೆ ಕೆನೆ ಕಟ್ಟಿತು.

ಆಗ ಅಕ್ಷಿತಾಳ ಮುಂಗುರುಳು ಕಣ್ಣಿಗೆ ಬಿತ್ತು. ಸರಿಸಲು ಎಡಗೈ ಎತ್ತಿದಳು, ಮದರಂಗಿ ಕಂಡು ಸುಮ್ಮನೆ ಇಳಿಸಿದಳು. ಅದನ್ನು ನೋಡಿ ಉಮಾವತಿಯ ಕೈಯಲ್ಲಿದ್ದ ಹತ್ತಿ ಅಲ್ಲೇ ನಿಂತಿತು. ಸೋತ ಕೈಯನ್ನು ಮುಚ್ಚಲು ಹೋಗಿ ಮಗಳ ಗಟ್ಟಿ ಕೈಯನ್ನೂ ತಾನೇ ಕಟ್ಟಿಹಾಕಿದ್ದೇನಲ್ಲ ಎಂದು ಅವಳಿಗೆ ಆಗ ಹೊಳೆಯಿತು.

"ಏಳು ಮಗಾ, ಕೈ ತೊಳಿ," ಅಂದಳು.

"ಎಂತ ಮಾಡ್ತಿದ್ದಿ ನೀನು?" ಕೊಗ್ಗಣ್ಣ ಹಲ್ಲು ಕಚ್ಚಿ ಕೇಳಿದ. ಉಮಾವತಿ ಕಿವಿಗೆ ಹಾಕಿಕೊಳ್ಳಲಿಲ್ಲ. ನಲ್ಲಿ ತಿರುಗಿಸಿ ತಾನೇ ತೊಳೆದು, ಸೆರಗಿನಲ್ಲಿ ಒರೆಸಿ, ಮಗಳನ್ನು ಕರೆತಂದಳು.

ಅಕ್ಷಿತಾ ಬಲಗೈಯನ್ನು ಮೇಜಿನ ಮೇಲೆ ಇಟ್ಟಳು. "ಆಂಟಿ, ಈ ಕೈಯಲ್ಲಿ ಶಕ್ತಿ ಇಲ್ಲ. ಪಾಯಸ ಬಡಿಸಿದ್ರೆ ನಿಮ್ಮ ಸೀರೆ ಮೇಲೆ ಬೀಳ್ತದೆ. ಮತ್ತೆ ನಂಗೆ ಈಗ ಮದುವೆ ಬೇಡ, ಕಾಲೇಜು ಬೇಕು."

ಸ್ವರ್ಣಲತಾ ಬಾಯಿ ತೆರೆಯುವ ಮೊದಲೇ ಲಕ್ಷಿತ್ ಬಾಯಲ್ಲಿದ್ದದ್ದನ್ನು ಕಷ್ಟಪಟ್ಟು ನುಂಗಿದ. "ನ... ನನಗೆ ಮಾತು ತ... ತಡವರಿಸ್ತದೆ. ಅದಕ್ಕೇ ಅ... ಅಮ್ಮ ಚಕ್ಕುಲಿ ಕೊಡುದು. ಹೊಟ್ಟೆ ಬಿರೀತಾ ಉಂಟು. ಸ್ವಲ್ಪ ನೀ... ನೀರು ಕೊಡಿ."

ಅಕ್ಷಿತಾ ಎಡಗೈಯಲ್ಲಿ ನೀರು ಕೊಟ್ಟಳು. ಎರಡು ಮನೆಯ ಗುಟ್ಟೂ ಮೇಜಿನ ಮೇಲೆ ಬಂದಿತ್ತು. ಸಂಬಂಧ ಕೂಡಲಿಲ್ಲ, ಪಾಯಸವನ್ನು ಎಲ್ಲರೂ ತಾವೇ ಬಡಿಸಿಕೊಂಡು ಕುಡಿದರು.

ಭಾನುವಾರ ಕೊಗ್ಗಣ್ಣ ಕೆಲಸಕ್ಕೆ ಹೋದ ಮೇಲೆ ಉಮಾವತಿ ಕಪಾಟಿನಿಂದ ಡಾಕ್ಟರ ಚೀಟಿ ತೆಗೆದುಕೊಂಡು ಟ್ಯಾಕ್ಸಿ ಹತ್ತಿದಳು. "ಟೀಚರ್, ನನ್ನ ಮಗಳ ಬಲಗೈಗೆ ಶಕ್ತಿ ಇಲ್ಲ," ಎಂದು ಹೊರಗಿನವರೆದುರು ಮೊದಲ ಸಲ ಹೇಳಿದಳು. ಹೇಳುವಾಗ ಅಳು ಬಂತು, ಹೇಳಿದ ಮೇಲೆ ನಿಂತಿತು. ಅನುಮತಿ ಸಿಕ್ಕಿತು.

ವಿಷಯ ತಿಳಿದ ಕೊಗ್ಗಣ್ಣ ಎರಡು ದಿನ ಮುಖ ಊದಿಸಿಕೊಂಡಿದ್ದ. ಮೂರನೆಯ ಸಂಜೆ ಅಕ್ಷಿತಾ ಚಹಾ ಕುಡಿಯುತ್ತ ಫೋನಿನಲ್ಲಿ ರೆಕಾರ್ಡ್ ಮಾಡಿದ ಪಾಠ ಹಾಕಿದಳು. ಸರಕು ಕಡಿಮೆಯಾದರೆ ಬೆಲೆ ಏಕೆ ಏರುತ್ತದೆ ಎಂದು ತೆರೇಸಾ ಟೀಚರ್ ವಿವರಿಸುತ್ತಿದ್ದರು. ಕೊಗ್ಗಣ್ಣ ಪೇಪರಿನ ಹಿಂದಿನಿಂದ ಇಣುಕಿದ, ಆಮೇಲೆ ಕುರ್ಚಿಯನ್ನೇ ಎಳೆದುಕೊಂಡು ಬಂದ. "ಸ್ವಲ್ಪ ಹಿಂದೆ ಹಾಕು. ಅದು ನಂಗೆ ಸರಿ ಅರ್ಥ ಆಗ್ಲಿಲ್ಲ."

ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಸಂಘದ ಜೋಸ್ಟನ್, ದನಿ ತಗ್ಗಿಸಿದರೂ ಉಮಾವತಿಗೂ ಕೇಳಿಸಿತು. "ಕೊಗ್ಗಣ್ಣ, ನಿಮ್ಮ ಮಗಳ ಕೈ ವಿಷಯ ಕೇಳಿದೆ. ಹೌದಾ?"

ಕೊಗ್ಗಣ್ಣ ಮಗಳ ಕಡೆ ನೋಡಿದ.

"ಹೌದು, ಬಲಗೈಗೆ ಶಕ್ತಿ ಇಲ್ಲ," ಅಂದ. "ಆಮೇಲೆ ಫೋನ್ ಮಾಡಿ ಜೋಸ್ಟನ್. ನಮ್ಮಲ್ಲಿ ಈಗ ಪಾಠ ನಡೀತಾ ಉಂಟು."