ನಾಳದ ಒಳಗೋಡೆಗೆ ಮದ್ದಿನ ಲೇಪ

"ಇದು ನನ್ನ ಕಾಲೇನಾ?"

ಕೇಳಿದ್ದು ಯಾರನ್ನೂ ಅಲ್ಲ. ಮನೆಗಳಿಗೆ ಬಣ್ಣ ಬಳಿಯುವ ಪೇಂಟರ್ ಏಣಿಯ ಕೆಳಮೆಟ್ಟಿಲಲ್ಲಿ ಕೂತು ಚಪ್ಪಲಿ ಕಳಚಿದ್ದ. ಪಾದ ಕಲ್ಲಿನಂತೆ ತಣ್ಣಗೆ. ಹೆಬ್ಬೆರಳ ತುದಿ ಕಪ್ಪಗೆ.

"ಚಪ್ಪಲಿ ಕಚ್ಚಿದೆ, ಅಷ್ಟೆ," ಎಂದ ಏಣಿ ಹಿಡಿಯುವ ಭಾವಮೈದ. "ನಾಲ್ಕು ಹೆಜ್ಜೆ ನಡೆದ್ರೆ ಮೀನಖಂಡ ಹಿಡ್ಕೊಂಡು ನಿಲ್ತೀಯಲ್ಲ, ಅದು ವಯಸ್ಸು ಭಾವ."

ಹೆಂಡತಿ ಒಪ್ಪಲಿಲ್ಲ. ಇಬ್ಬರನ್ನೂ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಸ್ಕ್ಯಾನಿಂಗ್ ಪರದೆಯ ಮೇಲೆ ಕಾಲಿನ ರಕ್ತನಾಳ ಕಂಡಿತು. ತೊಡೆಯಿಂದ ಇಳಿದು ಬಂದು, ನಡುದಾರಿಯಲ್ಲೇ ಕಟ್ಟಿಕೊಂಡು ನಿಂತುಹೋಗಿತ್ತು.

"ತಡ ಮಾಡಿದ್ರೆ ಕಾಲು ಉಳಿಯೋದು ಕಷ್ಟ," ಎಂದರು ವೈದ್ಯರು.

ಭಾವಮೈದ ನಿಂತಲ್ಲೇ ಕುಸಿದು ಕೂತ.

ನರ್ಸಕ್ಕ ಅವನಿಗೆ ನೀರು ಕೊಟ್ಟಳು. "ಹೆದರಬೇಡಿ. ಆ ನಾಳದೊಳಗೆ ಮದ್ದು ಲೇಪಿಸಿದ ಬಲೂನ್ ಹಾಕ್ತಾರೆ."

"ರೈಲು ಬಿಡೋರನ್ನ ನೋಡಿದ್ದೆ. ನೀವು ಬಲೂನೇ ಬಿಡ್ತೀರಲ್ಲಕ್ಕಾ!" ಎಂದ ಭಾವಮೈದ.

ಪೇಂಟರ್ ನಗಲಿಲ್ಲ. "ಹರಿಯೋ ನೀರಲ್ಲಿ ಬಣ್ಣ ನಿಲ್ಲಲ್ಲ. ರಕ್ತದಲ್ಲಿ ಮದ್ದು ನಿಲ್ಲುತ್ತಾ?"

"ಸ್ವಲ್ಪ ತೊಳೆದುಹೋಗುತ್ತೆ, ನಿಜ. ಅದಕ್ಕೇ ಬಲೂನನ್ನ ಕೊಡೆ ಥರ ಮಡಿಚಿ ಒಯ್ಯೋದು. ಮೊದಲು ಬರೀ ಬಲೂನಿಂದ ದಾರಿ ಬಿಡಿಸ್ತಾರೆ. ಆಮೇಲೆ ಮದ್ದಿನದ್ದು ಉಬ್ಬಿಸಿ, ನಾಳದ ಗೋಡೆಗೆ ಒಂದೆರಡು ನಿಮಿಷ ಒತ್ತಿ ಹಿಡೀತಾರೆ. ಮದ್ದನ್ನ ಗೋಡೆಗೆ ದಾಟಿಸೋ ಪದಾರ್ಥವೂ ಆ ಲೇಪದಲ್ಲೇ ಬೆರೆತಿರುತ್ತೆ."

"ಗೋಡೆ ಕೆರೆಯದೆ ಕೋಟ್ ಹೊಡೀಬಾರದು. ಸರಿ ಹಾಗಾದ್ರೆ," ಎಂದು ಪೇಂಟರ್ ತಲೆದೂಗಿದ.

ಚಿಕಿತ್ಸೆ ಮುಗಿಯಿತು. ಹೆಂಡತಿ ಓಡಿಬಂದಳು. "ಬಲೂನ್ ಒಳಗೇ ಇದೆಯಾ?"

"ತೆಗೆದಾಯ್ತಮ್ಮ," ಎಂದಳು ನರ್ಸಕ್ಕ.

"ಅಯ್ಯೋ! ಮತ್ತೆ ಒಳಗೇನೂ ಇಲ್ವಾ?"

"ಮದ್ದಿದೆಯಲ್ಲ! ನಾಳದ ಗೋಡೆ ಮತ್ತೆ ದಪ್ಪ ಬೆಳೆದು ದಾರಿ ಕಟ್ಟದ ಹಾಗೆ ಅದು ತಡೆಯುತ್ತೆ. ಆದ್ರೆ ಮಾತ್ರೆ ಬಿಡಬಾರದು. ಹೊಗೆ ಸೇದಿದ್ರೋ, ಮಾಡಿದ್ದೆಲ್ಲ ನೀರಲ್ಲಿ ಹೋಮ."

ಅವಳು ಗಂಡನ ಪಾದ ಮುಟ್ಟಿದಳು. ಬೆಚ್ಚಗಿತ್ತು. "ದೇವರೇ," ಎಂದಳು.

ಕೇಳುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಇವತ್ತೇ ನಿಮ್ಮ ಪಾದ ನೋಡಿಕೊಳ್ಳಿ. ನಡೆದರೆ ನೋವು, ನಿಂತರೆ ಮಾಯ. ಬೆರಳು ತಣ್ಣಗೆ, ಗಾಯ ಮಾಯದು. ಹೀಗಿದ್ದರೆ ವಯಸ್ಸಾಯಿತೆಂದು ಕೂರಬೇಡಿ, ಆಸ್ಪತ್ರೆಗೆ ಹೋಗಿ. ಬಲೂನ್ ಎಲ್ಲರಿಗೂ ಬೇಕಾಗದು. ಅದನ್ನು ವೈದ್ಯರು ಹೇಳಲಿ. ಆದರೆ ಹೋಗುವ ಕಾಲು ನಿಮ್ಮದೇ ಆಗಬೇಕು.

ನಮ್ಮ ಪೇಂಟರ್ ಮನೆಗೆ ಬಂದವನೇ ಭಾವಮೈದನ ಜೇಬು ತಡಕಿದ. "ಒಂದೇ ಒಂದು ಸಿಗರೇಟ್ ಕೊಡೋ."

"ಈಗ ತಾನೇ ಬಳಿದ ಗೋಡೆಗೆ ಹೊಗೆ ಹಿಡಿಸೋಕೆ ನೀನಾದ್ರೆ ಬಿಡ್ತೀಯಾ? ಕೊಡಲ್ಲ ಭಾವ."